ಒಂದು ಬೆರಳು ಎತ್ತರದ ಮೆಟ್ಟಿಲು

ಬೆಟ್ಟದ ಬುಡದಲ್ಲಿ, ಮೊದಲನೇ ಮೆಟ್ಟಿಲಿಗೆ ಹತ್ತು ಹೆಜ್ಜೆ ಮುಂಚೆ, ಬಲಗಡೆಗೆ ಒಂದು ತಗಡಿನ ಮಾಡು. ಅದರ ಕೆಳಗೆ ಎರಡು ಕಬ್ಬಿಣದ ಪೀಪಾಯಿ. ಒಂದರಲ್ಲಿ ಉದ್ದದ ಕೋಲುಗಳು, ಇನ್ನೊಂದರಲ್ಲಿ ಗಿಡ್ಡದವು. ಬೆಟ್ಟ ಹತ್ತುವವರು ಕೋಲು ತೆಗೆದುಕೊಂಡು ಹೋಗುತ್ತಾರೆ, ಇಳಿದು ಬಂದವರು ತಂದು ಹಾಕುತ್ತಾರೆ. ಪೀಪಾಯಿಗಳ ಪಕ್ಕದಲ್ಲಿ ಮಣೆಯ ಮೇಲೆ ಕೂತಿರುವವಳು ಕೋಲಜ್ಜಿ.

ಕೋಲು ಕೊಡುವಾಗ ಆಕೆ ಯಾರ ಮುಖವನ್ನೂ ನೋಡುವುದಿಲ್ಲ, ಮೊಣಕೈ ನೋಡುತ್ತಾಳೆ. ಕೋಲಿನ ತಲೆ ಮೊಣಕೈಗೆ ಬಂದರೆ ಸರಿ, ಮೇಲಾದರೆ ಹೆಗಲು ನೋಯುತ್ತದೆ, ಕೆಳಗಾದರೆ ಸೊಂಟ. ಸಿಪ್ಪೆ ಹೆರೆಯುವುದು, ತುದಿ ಸೀಳದಂತೆ ಕೆಂಡದಲ್ಲಿ ಸುಡುವುದು, ಹಿಡಿಯುವ ಕಡೆ ಹಳೆಬಟ್ಟೆಯ ಪಟ್ಟಿ ಸುತ್ತುವುದು, ಎಲ್ಲ ಆಕೆಯದೇ ಕೈಕೆಲಸ. ಪಟ್ಟಿಯ ಗಂಟನ್ನು ಚಪ್ಪಟೆಯಾಗಿ ಹಾಕುತ್ತಾಳೆ. ಉಂಡೆ ಗಂಟು ಹಾಕಿದರೆ ನೂರು ಮೆಟ್ಟಿಲು ಹತ್ತುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ.

ಬೆಟ್ಟದ ತುದಿಯಲ್ಲಿ ಹಳೆಯ ಕಲ್ಲಿನ ದೇವಸ್ಥಾನವಿದೆ. ಅದನ್ನು ಕಟ್ಟಿಸಿದ ರಾಜ ಯಾರು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಮೆಟ್ಟಿಲು ಕೂರಿಸಿದವರು ಯಾರು ಎಂದು ಕೇಳಿದವರಿಲ್ಲ. ಒಂಬೈನೂರು ಚಿಲ್ಲರೆ ಮೆಟ್ಟಿಲು. ಮಳೆಗೆ, ಮರದ ಬೇರಿಗೆ, ಜನರ ಕಾಲಿಗೆ ವರ್ಷಕ್ಕೆ ಹತ್ತಿಪ್ಪತ್ತು ಕಲ್ಲು ಒಡೆಯುತ್ತವೆ. ಒಡೆದದ್ದನ್ನು ಕಿತ್ತು ಹೊಸದು ಕೂರಿಸುವುದು ಕೋಲಜ್ಜಿಯ ಗಂಡನ ಕೆಲಸ. ನಲವತ್ತು ವರ್ಷ ಆ ಕೆಲಸ ಮಾಡಿದ. ಎಲ್ಲರೂ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಲ್ಲು ಕೂರಿಸಿದ ಮೇಲೆ ಅದರ ಮೇಲೆ ಒಂದು ಚೊಂಬು ನೀರು ಹುಯ್ದು ನೋಡುವುದು ಅವನ ಪದ್ಧತಿ. ನೀರು ಎಡಕ್ಕೂ ಹೋಗಬಾರದು, ಬಲಕ್ಕೂ ಹೋಗಬಾರದು, ಮುಂದಿನ ಅಂಚಿಗೆ ನಿಧಾನವಾಗಿ ಹರಿದು ಬೀಳಬೇಕು. ಬೀಳದಿದ್ದರೆ ಕತ್ತಲಾಗುತ್ತಿದ್ದರೂ ಸರಿ, ಕಲ್ಲು ಎತ್ತಿ ಮತ್ತೆ ಕೂರಿಸುತ್ತಿದ್ದ.

ಅಂಥವನ ಕೈಯಲ್ಲಿ ಒಂದೇ ಒಂದು ಕಲ್ಲು ತಪ್ಪಿತ್ತು. ದೇವಸ್ಥಾನದ ಹೆಬ್ಬಾಗಿಲಿಗೆ ಇನ್ನು ಎರಡು ತಿರುವು ಇದೆ ಎನ್ನುವಾಗ ಸಿಗುವ ಮೆಟ್ಟಿಲು ಅದು. ಬೇರೆಲ್ಲ ಮೆಟ್ಟಿಲು ಗೇಣಿಗೆ ಎರಡು ಬೆರಳು ಕಮ್ಮಿ ಎತ್ತರವಿದ್ದರೆ ಇದು ಒಂದೇ ಬೆರಳು ಕಮ್ಮಿ. ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ. ಎಂಟುನೂರು ಮೆಟ್ಟಿಲು ಹತ್ತಿ ಒಂದು ಲಯಕ್ಕೆ ಬಿದ್ದ ಕಾಲು ಅಲ್ಲಿಗೆ ಬಂದಾಗ ಹೆಬ್ಬೆರಳು ತಾಗಿ ಮುಗ್ಗರಿಸುತ್ತದೆ. ಜನ ಅದಕ್ಕೆ ಎಡವುಗಲ್ಲು ಎಂದು ಹೆಸರಿಟ್ಟರು. ದೇವರ ಮುಂದೆ ಬಗ್ಗದವರೂ ಮೇಸ್ತ್ರಿಯ ಮುಂದೆ ಬಗ್ಗುತ್ತಾರೆ ಎಂದು ನಗುತ್ತಿದ್ದರು. ಮೇಸ್ತ್ರಿಯೂ ಆ ನಗೆಯಲ್ಲಿ ಸೇರಿಕೊಳ್ಳುತ್ತಿದ್ದ. ಸರಿ ಮಾಡುತ್ತೇನೆ ಎಂದು ಒಂದು ಸಲವೂ ಹೇಳಲಿಲ್ಲ, ಮಾಡಲೂ ಇಲ್ಲ.

ಈ ಚಳಿಗಾಲದ ಕೊನೆಯಲ್ಲಿ ಅವನು ತೀರಿಕೊಂಡ. ಮೂರು ವಾರ ಹಾಸಿಗೆಯಲ್ಲಿದ್ದ. ಮಾತು ನಿಲ್ಲುವ ಹಿಂದಿನ ದಿನ ಹೆಂಡತಿಯ ಕೈ ಹಿಡಿದು, "ಆ ಕಲ್ಲು ಮಾತ್ರ ಮುಟ್ಟೋದು ಬೇಡ ಅಂತ ಹೇಳು," ಎಂದ. ಯಾವ ಕಲ್ಲು ಎಂದು ಆಕೆ ಕೇಳಲಿಲ್ಲ. ಆಗಲಿ ಎಂದಳು.

ಅದಾಗಿ ಎರಡು ತಿಂಗಳು. ಬೆಟ್ಟ ಚಿಗುರಿತ್ತು. ಒಂದು ಬೆಳಿಗ್ಗೆ ಕೋಲಜ್ಜಿ ಕೋಲುಗಳನ್ನು ಒರೆಸಿ ಪೀಪಾಯಿಗೆ ಹಾಕುತ್ತಿದ್ದಾಗ ಮೈದುನ ಬಂದ. ಅಣ್ಣನ ಕೈಕೆಳಗೆ ಕೆಲಸ ಕಲಿತವನು, ಈಗ ಅಣ್ಣನ ಜಾಗದಲ್ಲಿ ನಿಂತವನು. ಹೆಗಲ ಮೇಲೆ ಹಾರೆ ಇತ್ತು. ಹಿಂದೆ ಅವನ ಕೆಲಸದವನು ಗಾರೆಯ ಚೀಲ ಹೊತ್ತಿದ್ದ. ಉದ್ದ ಕಾಲು, ಉದ್ದ ಕತ್ತು, ಅದಕ್ಕೇ ಅವನನ್ನು ಕೊಕ್ಕರೆ ಎನ್ನುತ್ತಾರೆ.

"ಅತ್ತಿಗೆ, ಇವತ್ತು ಎಡವುಗಲ್ಲಿಗೊಂದು ಗತಿ ಕಾಣಿಸ್ತೀನಿ," ಎಂದ ಮೈದುನ.

ಆಕೆಯ ಕೈ ನಿಂತಿತು. "ಅದನ್ನ್ಯಾಕೆ ಮುಟ್ತೀಯ?"

"ಹೋದ ವಾರ ಯಾರೋ ಯಜಮಾನರು ಅಲ್ಲಿ ಬಿದ್ದು ಎರಡು ಹಲ್ಲು ಅಲ್ಲೇ ಬಿಟ್ಟು ಬಂದರಂತೆ. ದೇವಸ್ಥಾನದ ಕಮಿಟಿಯವರು ಇವತ್ತೇ ಸರಿ ಮಾಡು ಅಂದಿದ್ದಾರೆ. ನನಗೂ ಸಾಕಾಗಿದೆ ಅತ್ತಿಗೆ. ಅಣ್ಣನ ಹೆಸರು ಹೇಳಿದ್ರೆ ಜನ ಐನೂರು ಒಳ್ಳೆ ಕಲ್ಲು ಬಿಟ್ಟು ಅದೊಂದನ್ನೇ ಹೇಳ್ತಾರೆ."

"ಮುಟ್ಟಬೇಡಿ ಅಂದಿದ್ದರು ನಿಮ್ಮಣ್ಣ. ಕೊನೇಲಿ ಹೇಳಿದ ಮಾತು."

"ಯಾಕಂತೆ?"

ಕೋಲಜ್ಜಿ ಬಾಯಿ ತೆರೆದಳು. ಕೊಕ್ಕರೆ ಕತ್ತು ಚಾಚಿ ಕೇಳುತ್ತಿದ್ದ. ಪಕ್ಕದ ಚಹಾದಂಗಡಿಯವಳೂ ಲೋಟ ತೊಳೆಯುವುದನ್ನು ನಿಲ್ಲಿಸಿದ್ದಳು. ಆಕೆಯ ಬಾಯಿ ತಾನಾಗಿ ಮುಚ್ಚಿತು.

"ನನಗೊತ್ತು ಬಿಡಿ ಅಜ್ಜಿ," ಎಂದ ಕೊಕ್ಕರೆ. "ಜನ ಎಡವಿದ್ರೆ ತಾನೇ ಕೋಲು ಕೇಳೋದು? ಗಂಡ ಹೆಂಡ್ತಿ ಇಬ್ರೂ ಸೇರಿ ಒಳ್ಳೆ ಉಪಾಯ ಮಾಡಿದ್ದೀರ."

ಮೈದುನ ಅವನ ಬೆನ್ನಿಗೊಂದು ಗುದ್ದಿ ನಕ್ಕ. "ಅಣ್ಣ ಆಗ ಜ್ವರದಲ್ಲಿ ಏನೋ ಹೇಳಿರಬೇಕು. ಸುಮ್ಮನಿರಿ ಅತ್ತಿಗೆ, ಸಂಜೆ ಬಂದು ಹೇಳ್ತೀನಿ," ಎಂದು ಮೆಟ್ಟಿಲು ಹತ್ತಿದ.

ಅವರಿಬ್ಬರೂ ಮೊದಲನೇ ತಿರುವಿನಲ್ಲಿ ಮರೆಯಾಗುವ ತನಕ ಆಕೆ ನೋಡುತ್ತಿದ್ದಳು. ನಾಲ್ಕು ಜನಕ್ಕೆ ಕೋಲು ಕೊಟ್ಟಳು. ಒಬ್ಬರಿಗೆ ಉದ್ದದ್ದು ಕೊಡುವ ಬದಲು ಗಿಡ್ಡದ್ದು ಕೊಟ್ಟದ್ದು ಅವರು ಹೋದ ಮೇಲೆ ಗೊತ್ತಾಯಿತು. ಎಂದೂ ಹಾಗೆ ಆದದ್ದಿಲ್ಲ. ಎದ್ದು, ಉದ್ದದ ಪೀಪಾಯಿಯಿಂದ ತನಗೊಂದು ಕೋಲು ಆರಿಸಿಕೊಂಡಳು.

"ಅಕ್ಕ, ಎಲ್ಲಿಗೆ?" ಎಂದಳು ಚಹಾದಂಗಡಿಯವಳು.

"ಮೇಲಕ್ಕೆ. ಕೋಲು ನೋಡ್ಕೋ."

"ನಿನ್ನ ಮಂಡಿಗೆ ಮನೆ ಹೊಸ್ತಿಲೇ ಬೆಟ್ಟ. ಇದನ್ನ ಹೇಗೆ ಹತ್ತುತ್ತೀಯ?"

"ಒಂದೊಂದಾಗಿ."

"ನಾಲ್ಕು ಜನ ಹೊತ್ತು ತರೋ ಹಾಗೆ ಮಾಡ್ಕೋಬೇಡ ಮಾರಾಯ್ತಿ. ನಾಲ್ಕು ಜನ ಈಗ ಸಿಗೋದೂ ಇಲ್ಲ."

ಆರು ವರ್ಷವಾಗಿತ್ತು ಆಕೆ ಬೆಟ್ಟ ಹತ್ತಿ. ಬಲಗಾಲು ಮೊದಲು, ಎಡಗಾಲನ್ನು ಅದರ ಪಕ್ಕಕ್ಕೆ ಎಳೆದು ತರುವುದು, ಕೋಲನ್ನು ಮುಂದಿನ ಮೆಟ್ಟಿಲಿಗೆ ಊರುವುದು. ಮೂವತ್ತು ಮೆಟ್ಟಿಲಿಗೊಮ್ಮೆ ನಿಲ್ಲುವುದು. ದಾರಿಯ ಎರಡೂ ಕಡೆ ಮರಗಳು ತಾಮ್ರದ ಬಣ್ಣಕ್ಕೆ ಚಿಗುರಿದ್ದವು. ಎಲೆಯೇ ಇಲ್ಲದ ಒಂದು ಮರ ತುಂಬ ಬಿಳಿ ಹೂ ಬಿಟ್ಟು ನಿಂತಿತ್ತು. ಕೆಳಗೆ ಬಯಲು, ಹೊಳೆ, ಬೆಂಕಿಪೊಟ್ಟಣದಂಥ ಮನೆಗಳು. ಜನ ನಿಂತು ನಿಂತು ಫೋಟೊ ತೆಗೆಯುತ್ತಿದ್ದರು. ಕೋಲಜ್ಜಿ ಮಾತ್ರ ಮೆಟ್ಟಿಲನ್ನೇ ನೋಡುತ್ತ ಹತ್ತಿದಳು. ಗಂಡ ಕೂರಿಸಿದ ಕಲ್ಲು ಆಕೆಗೆ ಗುರುತು ಸಿಗುತ್ತಿತ್ತು, ಅವನು ಅಂಚನ್ನು ಸ್ವಲ್ಪ ದುಂಡಗೆ ಕೆತ್ತುತ್ತಿದ್ದ. ಮಕ್ಕಳು ಬಿದ್ದರೆ ಹಣೆ ಒಡೆಯಬಾರದು ಎನ್ನುತ್ತಿದ್ದ.

ಅವರಿಗೊಬ್ಬಳು ಮಗಳಿದ್ದಳು. ಒಬ್ಬಳೇ. ನಾಲ್ಕು ವರ್ಷ ತುಂಬಿದ ವಸಂತದಲ್ಲಿ ಹೋದಳು. ಆಗೆಲ್ಲ ಮೂವರೂ ಒಟ್ಟಿಗೆ ಬೆಟ್ಟಕ್ಕೆ ಬರುತ್ತಿದ್ದರು. ಅವನು ಕಲ್ಲು ಕೂರಿಸಿದರೆ, ಈಕೆ ಗಾರೆ ಕಲಸುತ್ತಿದ್ದಳು, ಚೊಂಬಿನಿಂದ ನೀರು ಹುಯ್ಯುವುದು ಮಗಳ ಕೆಲಸ. "ಸರಿಯಾಗಿದ್ಯಾ ಮೇಸ್ತ್ರೀ?" ಎಂದು ಅವನು ಮಗಳನ್ನು ಕೇಳುತ್ತಿದ್ದ. ಮಗು ಬಗ್ಗಿ ನೀರನ್ನೇ ನೋಡಿ, "ಇಲ್ಲ, ಇನ್ನೊಂದು ಸಲ," ಎನ್ನುತ್ತಿತ್ತು. ಸರಿಯಾಗಿದ್ದರೂ ಹಾಗೇ ಎನ್ನುತ್ತಿತ್ತು, ಇನ್ನೊಂದು ಚೊಂಬು ಹುಯ್ಯುವ ಆಸೆಗೆ.

ಆ ದಿನ ಬೆಳಿಗ್ಗೆ, ಬೆಟ್ಟದ ತುದಿಯಲ್ಲಿ ಕೆಲಸ ನಡೆದಾಗ, ಮಗು ತಲೆನೋವು ಎಂದಿತ್ತು. ಬಿಸಿಲಿಗಿರಬೇಕು ಎಂದು ಈಕೆ ತಲೆಗೆ ಬಟ್ಟೆ ಕಟ್ಟಿದಳು. ಮಧ್ಯಾಹ್ನದ ಹೊತ್ತಿಗೆ ಮೈ ಕೆಂಡವಾಯಿತು, ಕಣ್ಣು ಮೇಲಾಯಿತು. ಮೇಸ್ತ್ರಿ ಕಲ್ಲು ತರಲು ಬೆಟ್ಟದ ಆಚೆ ಬದಿಗೆ ಹೋಗಿದ್ದ. ಅವನಿಗೆ ಕಾಯದೆ ಮಗುವನ್ನು ಎತ್ತಿಕೊಂಡು ಅಷ್ಟೂ ಮೆಟ್ಟಿಲು ಓಡಿ ಇಳಿದಳು. ಆಸ್ಪತ್ರೆಯಲ್ಲಿ ಮಲಗಿಸಿದಾಗ ನೋಡಿದರೆ ಮಗುವಿನ ಒಂದೇ ಕಾಲಲ್ಲಿ ಶೂ ಇತ್ತು. ನೀಲಿ ಬಟ್ಟೆಯ ಶೂ. ಪಟ್ಟಿಯ ಗುಂಡಿ ಕಿತ್ತುಹೋಗಿ, ಆಕೆಯೇ ಬಿಳಿ ಗುಂಡಿಯನ್ನು ಕೆಂಪು ದಾರದಲ್ಲಿ ಹೊಲಿದು ಕೊಟ್ಟಿದ್ದಳು. ಬಿಳಿ ದಾರ ಆಗ ಮನೆಯಲ್ಲಿರಲಿಲ್ಲ. ಮಾರನೆಯ ದಿನ ಮಗು ಹೋಯಿತು.

ಇನ್ನೊಂದು ಶೂ ಹುಡುಕಿಕೊಂಡು ಆಕೆ ಬೆಟ್ಟ ಹತ್ತಿದ್ದಕ್ಕೆ ಲೆಕ್ಕವಿಲ್ಲ. ಗಂಡನನ್ನೂ ಕೇಳಿದಳು. ಅವನು ಇಲ್ಲ ಎಂದು ತಲೆ ಅಲ್ಲಾಡಿಸಿದ. ಉಳಿದಿದ್ದ ಒಂದನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಳು. ಡಬ್ಬಿ ತೆರೆದು ಅಳುತ್ತಿದ್ದಳು, ಮುಚ್ಚುತ್ತಿದ್ದಳು, ಮತ್ತೆ ತೆರೆಯುತ್ತಿದ್ದಳು. ಅವನು ಅಳಲಿಲ್ಲ. ಆಕೆ ಡಬ್ಬಿ ತೆರೆದರೆ ಎದ್ದು ಹೊರಗೆ ಹೋಗುತ್ತಿದ್ದ. "ನಿಮಗೇನು, ಕಲ್ಲಿನ ಜೊತೆ ಇದ್ದೂ ಇದ್ದೂ ಎದೆಯೂ ಅದೇ ಆಗಿದೆ," ಎಂದು ಒಮ್ಮೆ ಅಂದುಬಿಟ್ಟಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೋದ, ಸಂಜೆ ಬಂದು ಎಂದಿನ ಹಾಗೆ ಊಟ ಮಾಡಿದ. ಆ ಮಾತನ್ನು ವಾಪಸು ತೆಗೆದುಕೊಳ್ಳುವ ಸಂದರ್ಭ ಆಮೇಲೆ ಬರಲೇ ಇಲ್ಲ.

ಮಗು ಹೋದ ಹನ್ನೊಂದನೇ ದಿನ ಅವನು ಕೆಲಸಕ್ಕೆ ಹೊರಟ. ಮೆಟ್ಟಿಲಿನ ಎತ್ತರ ನೋಡುವ ಅಳತೆಕೋಲು ಮುರಿದಿತ್ತು. ಹೊಸದೊಂದು ಕಡಿದುಕೊಡು ಎಂದ. ಕೋಲು ಕಡಿಯುವುದರಲ್ಲಿ ಆಕೆಯದು ಆಗಲೂ ಎತ್ತಿದ ಕೈ. ಆದರೆ ಅಂದು ಕಣ್ಣಲ್ಲಿ ನೀರು ತುಂಬಿ ಬೆರಳು ಬೆರಳಾಗಿ ಕಾಣುತ್ತಿರಲಿಲ್ಲ. ಗೇಣಿಟ್ಟು, ಎರಡು ಬೆರಳು ಬಿಟ್ಟೆ ಅಂದುಕೊಂಡು ಕಡಿದುಕೊಟ್ಟಳು. ಆ ವಾರವೇ ಅವನು ಆ ಮೆಟ್ಟಿಲು ಕೂರಿಸಿದ್ದು. ಒಂದೆರಡು ವಾರ ಕಳೆದು ಯಾರೋ ಬಂದು ಮೆಟ್ಟಿಲು ಎತ್ತರವಾಗಿದೆಯಲ್ಲ ಮೇಸ್ತ್ರಿ ಎಂದರು. ಅಂದು ಸಂಜೆ ಅವನು ಆ ಅಳತೆಕೋಲನ್ನು ಮುರಿದು ಒಲೆಗೆ ಹಾಕಿದ. ಆಕೆ ರೊಟ್ಟಿ ಬೇಯಿಸುತ್ತಿದ್ದವಳು ನೋಡಿದಳು, ಏನೂ ಕೇಳಲಿಲ್ಲ. ಕೇಳುವುದೇನಿತ್ತು? ಒಂದು ಬೆರಳು ಹೆಚ್ಚಾಗಿ ಕಡಿದವಳು ತಾನು. ಹೆಂಡತಿಯ ತಪ್ಪು ಯಾರಿಗೂ ಗೊತ್ತಾಗಬಾರದೆಂದು ಅವನು ಕೋಲು ಸುಟ್ಟ, ಊರ ನಗೆಯನ್ನು ತನ್ನ ತಲೆ ಮೇಲೆ ಹಾಕಿಕೊಂಡ. ಮೂವತ್ತೊಂದು ವರ್ಷ ಆಕೆ ಇದನ್ನೇ ನಂಬಿದ್ದಳು. ಈಗ ಅವನಿಲ್ಲ. ಕಲ್ಲು ಕೀಳುವಾಗ ಕೊಕ್ಕರೆಯಂಥವರು ಸುತ್ತ ನಿಂತು ಸತ್ತವನ ಕೈಕೆಲಸಕ್ಕೆ ನಗುವುದನ್ನು ಆಕೆ ಕೆಳಗೆ ಕೂತು ಸಹಿಸಲಾರಳು. ತಪ್ಪು ನನ್ನದು ಎಂದು ಅಲ್ಲೇ, ಆ ಕಲ್ಲಿನ ಎದುರಿಗೇ ಹೇಳಬೇಕು. ಆಮೇಲೆ, ನಿಮ್ಮಣ್ಣ ಹೇಳಿದ ಹಾಗೆ ಅದನ್ನು ಬಿಟ್ಟುಬಿಡಿ ಎಂದು ಕೇಳಿಕೊಳ್ಳಬೇಕು.

ಅಲ್ಲಿಗೆ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಕಲ್ಲಿನ ಎರಡು ಬದಿಯ ಗಾರೆ ಬಿಡಿಸಿಯಾಗಿತ್ತು. ಕೊಕ್ಕರೆ ಹಾರೆಯ ತುದಿಯನ್ನು ಸಂದಿಗೆ ಹಾಕಿ ಮೈದುನನ ಮುಖ ನೋಡುತ್ತಿದ್ದ.

"ನಿಲ್ಲಿಸು," ಎಂದಳು ಕೋಲಜ್ಜಿ. ಮುಂದೆ ಮಾತಾಡಲು ಉಸಿರು ಸಾಲಲಿಲ್ಲ.

ಮೈದುನ ಓಡಿ ಬಂದು ತೋಳು ಹಿಡಿದು, ಆ ಕಲ್ಲು ದಾಟಿಸಿ, ಮೇಲಿನ ಮೆಟ್ಟಿಲಿನ ಮೇಲೆ ಕೂರಿಸಿದ. "ಏನತ್ತಿಗೆ ಇದು. ಈ ಕಾಲಲ್ಲಿ ಯಾಕೆ ಬಂದ್ರಿ? ಹೇಳಿ ಕಳಿಸಿದ್ರೆ ನಾನೇ ಇಳಿದು ಬರ್ತಿರಲಿಲ್ವಾ?"

ನೀರು ಕುಡಿದು ಆಕೆ ಎಲ್ಲ ಹೇಳಿದಳು. ಕಣ್ಣು ತುಂಬಿದ್ದು, ಕೋಲು ಕಡಿದದ್ದು, ಅವನು ಒಲೆಗೆ ಹಾಕಿದ್ದು. "ನಿಮ್ಮಣ್ಣನ ಕೈ ತಪ್ಪಿದ್ದಲ್ಲ. ನನ್ನ ಕೋಲು ತಪ್ಪಿದ್ದು. ಯಾರಾದ್ರೂ ನಗೋದಾದ್ರೆ ನನ್ನ ನೋಡಿ ನಗಲಿ," ಎಂದಳು.

ಕೊಕ್ಕರೆ ತಲೆ ತಗ್ಗಿಸಿದ. ಮೈದುನ ಹುಬ್ಬು ಗಂಟಿಕ್ಕಿದ.

"ಅತ್ತಿಗೆ, ಆ ವಾರ ಅಣ್ಣನ ಜೊತೆ ನಾನೂ ಕೆಲಸಕ್ಕಿದ್ದೆ. ನೀವು ಕಡಿದುಕೊಟ್ಟ ಕೋಲಲ್ಲೇ ಇನ್ನೂ ಏಳು ಕಲ್ಲು ಕೂರಿಸಿದ್ವಿ. ಕೆಳಗಿನ ತಿರುವಲ್ಲಿ ಮೂರು, ಬಂಡೆ ಹತ್ರ ನಾಲ್ಕು. ಈಗ ತಾನೇ ಅವುಗಳ ಮೇಲೇ ಹತ್ತಿ ಬಂದ್ರಲ್ಲ, ಎಲ್ಲಾದ್ರೂ ಕಾಲು ತಾಗಿತಾ?"

ಆಕೆ ಅವನ ಮುಖವನ್ನೇ ನೋಡಿದಳು.

"ಕೋಲು ಸರಿಯಾಗೇ ಇತ್ತು. ಹಸಿ ಮರದ್ದು ನೋಡಿ, ಒಣಗಿ ಸೊಟ್ಟ ಆಯ್ತು. ಸೊಟ್ಟ ಆದ ಅಳತೆಕೋಲನ್ನ ಯಾರಾದ್ರೂ ಇಟ್ಕೊಳ್ತಾರಾ? ಒಲೆಗೇ ಹಾಕೋದು."

"ಹಾಗಾದ್ರೆ ಇದು ಯಾಕೆ ಎತ್ತರ ಆಯ್ತು?"

"ಅದೇ ನನಗೂ ಗೊತ್ತಾಗಿಲ್ಲ. ಈ ಕಲ್ಲು ಕೂರಿಸೋ ದಿನ ಅಣ್ಣ ನನ್ನ ಮರಳು ತರೋಕೆ ಕೆಳಗೆ ಕಳಿಸಿದ್ದ. ಬರೋ ಹೊತ್ತಿಗೆ ಕೂರಿಸಿ ಮುಗಿಸಿದ್ದ. ನೀರು ಹುಯ್ದು ನೋಡ್ಲೂ ಇಲ್ಲ."

ಕೋಲಜ್ಜಿ ಕೋಲನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡು ಕೂತಳು. ಮುಟ್ಟಬೇಡ ಎಂದಿದ್ದ. ಆಗಲಿ ಎಂದಿದ್ದಳು. ಆ ಮಾತನ್ನು ನಡೆಸುವುದಕ್ಕೇ ಮಂಡಿ ಸವೆಸಿಕೊಂಡು ಇಲ್ಲಿ ತನಕ ಬಂದಿದ್ದಳು. ಆದರೆ ಕೆಳಗೆ ಏನಿದೆ ಎಂದು ತಿಳಿಯದೆ ಅಷ್ಟು ಮೆಟ್ಟಿಲು ಇಳಿದು ಹೋಗಲು ಈಗ ಆಗುತ್ತಿರಲಿಲ್ಲ.

"ಎತ್ತು," ಎಂದಳು.

ಕಲ್ಲು ಒಂದು ಬದಿ ಎದ್ದಿತು. ಇಬ್ಬರೂ ಸೇರಿ ಅದನ್ನು ಪಕ್ಕಕ್ಕೆ ವಾಲಿಸಿ ನಿಲ್ಲಿಸಿದರು. ಕೆಳಗೆ ಗಾರೆಯ ಹಾಸಿನ ನಡುವೆ ನಾಲ್ಕು ತೆಳ್ಳಗಿನ ಕಲ್ಲುಚಕ್ಕೆಗಳನ್ನು ಗೋಡೆಯ ಹಾಗೆ ನಿಲ್ಲಿಸಿ, ಐದನೆಯದನ್ನು ಮುಚ್ಚಳ ಮಾಡಿ, ಅಂಚಿಗೆಲ್ಲ ನುಣ್ಣಗೆ ಗಾರೆ ಸವರಿತ್ತು. ಒಂದು ಪುಟ್ಟ ಗೂಡು. ಮೈದುನ ಮುಚ್ಚಳ ತೆಗೆದ. ಒಳಗೆ ಬಟ್ಟೆಯ ಒಂದು ಸುರುಳಿ. ಉಳಿಗೆ ತುಕ್ಕು ಹಿಡಿಯದಂತೆ ಸುತ್ತುವ ಎಣ್ಣೆಬಟ್ಟೆ ಅದು. ಅಂಚು ಮಡಿಚಿ ಹೊಲಿದದ್ದು ತನ್ನ ಕೈ ಎಂದು ಕೋಲಜ್ಜಿಗೆ ಮೊದಲು ಗುರುತು ಸಿಕ್ಕಿತು. ಬಿಚ್ಚುವ ಮೊದಲೇ ಒಳಗೇನಿದೆ ಎಂದೂ ಗೊತ್ತಾಯಿತು.

ನೀಲಿ ಹೋಗಿ ಬೂದಿಯ ಬಣ್ಣ ಬಂದಿತ್ತು. ಅಡಿಯ ರಬ್ಬರು ಒಡೆದಿತ್ತು. ಗುಂಡಿ ಮಾತ್ರ ಬಿಳಿಯಾಗಿಯೇ ಇತ್ತು, ದಾರದಲ್ಲಿ ಇನ್ನೂ ಸ್ವಲ್ಪ ಕೆಂಪು.

ಹತ್ತಿ ಬರುತ್ತಿದ್ದ ನಾಲ್ಕೈದು ಜನ ಏನಾಯಿತೆಂದು ನಿಂತರು. ಕೊಕ್ಕರೆ ಅವರನ್ನು ಪಕ್ಕದ ಮಣ್ಣಿನ ದಾರಿಯಲ್ಲಿ ಕಳಿಸಿದ.

"ಹಳೆ ಕಲ್ಲು ಎರಡು ಹೋಳಾಗಿತ್ತು," ಎಂದ ಮೈದುನ ಕೊನೆಗೆ, ಮೆಲ್ಲಗೆ. "ಆ ಸಂದಿಯೊಳಗೆ ಬಿದ್ದಿರಬೇಕು. ಕಿತ್ತಾಗ ಅಣ್ಣಂಗೆ ಸಿಕ್ಕಿದೆ. ಗಾರೆಯ ದಪ್ಪದಲ್ಲಿ ಅಡಗುವಷ್ಟು ಅಡಗಿಸಿದ್ದಾನೆ. ಅಡಗದೆ ಉಳಿದದ್ದೇ ಆ ಒಂದು ಬೆರಳು."

"ನಾನು ಕೇಳಿದ್ದೆ," ಎಂದಳು ಕೋಲಜ್ಜಿ. "ನೋಡಿದ್ರಾ ಅಂತ ಎಷ್ಟು ಸಲ ಕೇಳಿದ್ದೆ. ಇಲ್ಲ ಅಂದ್ರು."

ಸಿಟ್ಟು ಬಂತು. ಸತ್ತವನ ಮೇಲೆ ಬರುವ ಸಿಟ್ಟಿಗೆ ಹೋಗಲು ಜಾಗವಿಲ್ಲ, ಅದು ಎದೆಯಲ್ಲೇ ಸುತ್ತುತ್ತದೆ. ಎಷ್ಟು ಸಲ ಈ ಮೆಟ್ಟಿಲಿನ ಮೇಲೇ ಕೂತು ದಣಿವಾರಿಸಿಕೊಂಡಿದ್ದಳು. ಎಷ್ಟು ಸಲ ಇಲ್ಲಿ ಕೂತೇ ಸುತ್ತಲ ಪೊದೆಗಳನ್ನು ಕೋಲಿನಿಂದ ಕೆದಕಿದ್ದಳು. ಶೂ ಮಡಿಲಲ್ಲಿತ್ತು. ಮನೆಯ ಡಬ್ಬಿಯಲ್ಲಿದ್ದ ಇನ್ನೊಂದು ನೆನಪಾಯಿತು. ಆಕೆ ಅದನ್ನು ತೆರೆದಾಗೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದದ್ದು ನೆನಪಾಯಿತು. ಎಲ್ಲಿಗೆ ಹೋಗುತ್ತಿದ್ದ? ಬೆಟ್ಟಕ್ಕೆ. ಕೆಲಸವಿಲ್ಲದ ದಿನವೂ ಬೆಟ್ಟಕ್ಕೇ. ತಾನು ಕಲ್ಲಿನ ಎದೆ ಎಂದ ದಿನವೂ.

ಆಕೆಯ ಹತ್ತಿರ ಒಂದಿತ್ತು. ಅವನಿಗೂ ಒಂದು ಬೇಕಾಗಿತ್ತು. ಕೇಳಲು ಬಾಯಿ ಬರುವವನಲ್ಲ. ಸಿಕ್ಕಿದೆ ಎಂದಿದ್ದರೆ ಆಕೆ ಅದನ್ನೂ ಡಬ್ಬಿಯೊಳಗೆ ಹಾಕಿ ಮುಚ್ಚುತ್ತಿದ್ದಳು. ಹೌದು, ಖಂಡಿತ ಹಾಗೇ ಮಾಡುತ್ತಿದ್ದಳು.

"ಮನೆಗೆ ತಗೊಂಡು ಹೋಗ್ತೀರಾ ಅತ್ತಿಗೆ?" ಮೈದುನ ಕೇಳಿದ. "ಜೊತೆಯಾಗುತ್ತೆ."

"ಬೇಡ. ನನ್ನದು ನನ್ನ ಹತ್ರ ಇದೆ. ಇದು ಅವರದ್ದು."

"ಹಾಗಾದ್ರೆ ಕಲ್ಲನ್ನ ಮೊದಲಿನ ಹಾಗೇ ಕೂರಿಸ್ತೀನಿ. ಕಮಿಟಿಗೆ ಏನಾದ್ರೂ ಹೇಳಿಕೊಳ್ತೀನಿ."

ಆಕೆ ಯೋಚಿಸಿದಳು. ಎರಡು ಹಲ್ಲು ಕಳೆದುಕೊಂಡ ಯಜಮಾನರು ನೆನಪಾದರು. ಅವರಿಗೆ ಕೋಲು ಕೊಟ್ಟಿದ್ದವಳು ಆಕೆಯೇ, ವಾಪಸು ತಂದುಕೊಟ್ಟಾಗ ಪಟ್ಟಿಗೆ ರಕ್ತ ಹತ್ತಿತ್ತು. "ನಮ್ಮ ಮಗೂಗೋಸ್ಕರ ಕಂಡೋರು ಬೀಳೋದು ಬೇಡ," ಎಂದಳು. "ಗೂಡಿನ ಕೆಳಗಿನ ಬಂಡೆ ಒಂದು ಬೆರಳು ಕೆತ್ತಿದ್ರೆ ಆಗಲ್ವಾ? ಗೂಡೂ ಇರುತ್ತೆ, ಕಲ್ಲೂ ಸಮ ಕೂರುತ್ತೆ."

"ಆಗುತ್ತೆ. ಅರ್ಧ ದಿನದ ಕೆಲಸ," ಎಂದ ಮೈದುನ. ಉಳಿ ಕೈಗೆತ್ತಿಕೊಂಡು, "ಅಣ್ಣ ಅವತ್ತೇ ಯಾಕೆ ಕೆತ್ತಲಿಲ್ವೋ," ಎಂದು ತನಗೇ ಹೇಳಿಕೊಂಡ.

ಅಂದು ಗಂಡನ ಕೈ ಹೇಗಿದ್ದಿರಬೇಕೆಂದು ಕೋಲಜ್ಜಿಗೆ ಈಗ ಗೊತ್ತಿತ್ತು. ತನ್ನ ಕೈ ಕೋಲು ಕಡಿಯುವಾಗ ಹೇಗಿತ್ತೋ ಹಾಗೇ.

ಮಧ್ಯಾಹ್ನವೆಲ್ಲ ಇಬ್ಬರೂ ಬಂಡೆ ಕೆತ್ತಿದರು. ಕೊಕ್ಕರೆ ಒಂದೂ ತಮಾಷೆ ಮಾಡಲಿಲ್ಲ. ಚಕ್ಕೆಗಳನ್ನು ಮತ್ತೆ ಅದೇ ಕ್ರಮದಲ್ಲಿ ನಿಲ್ಲಿಸಿದ ಮೇಲೆ ಕೋಲಜ್ಜಿ ಶೂವಿನ ಗುಂಡಿ ಹಾಕಿ, ಎಣ್ಣೆಬಟ್ಟೆಯಲ್ಲಿ ಸುತ್ತಿ, ಮಂಡಿಯೂರಿ ಒಳಗಿಟ್ಟಳು. ಮುಚ್ಚಳ ಮುಚ್ಚಿ, ಅಂಚಿಗೆ ಗಾರೆ ಸವರಿ, ಹೊಸ ಹಾಸಿನ ಮೇಲೆ ಕಲ್ಲು ಇಳಿಸಿದರು. ಮೈದುನ ಚೊಂಬು ತುಂಬಿ ಆಕೆಯ ಕೈಗೆ ಕೊಟ್ಟ. ಆಕೆ ಬಗ್ಗಿ ಹುಯ್ದಳು. ನೀರು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಮುಂದಿನ ಅಂಚಿಗೆ ಹರಿದು ತೊಟ್ಟಿಕ್ಕಿತು.

"ಸರಿಯಾಗಿದ್ಯಾ ಅತ್ತಿಗೆ?"

"ಇನ್ನೊಂದು ಸಲ," ಎಂದಳು. ಮೈದುನ ಮುಖ ಆಚೆ ತಿರುಗಿಸಿ ಇನ್ನೊಂದು ಚೊಂಬು ತುಂಬಿಕೊಟ್ಟ.

ಹೊತ್ತು ಇಳಿಯುತ್ತಿತ್ತು. ಗಾರೆ ಒಣಗುವ ತನಕ ಯಾರೂ ತುಳಿಯದಂತೆ ಕೊಕ್ಕರೆ ಅಡ್ಡಲಾಗಿ ಹಗ್ಗ ಕಟ್ಟಿದ. ಒಬ್ಬರು ಮೆಲ್ಲಗೆ ತುಳಿದರೆ ತೊಂದರೆಯಿಲ್ಲ, ಮಣ್ಣುದಾರಿಯಲ್ಲಿ ಜಾರುತ್ತೀರಿ, ನೀವು ಮಾತ್ರ ಮೆಟ್ಟಿಲಲ್ಲೇ ಇಳಿಯಿರಿ ಎಂದು ಮೈದುನ ಹಗ್ಗ ಎತ್ತಿ ಹಿಡಿದ. ಕೋಲಜ್ಜಿ ಮೇಲಿನ ಮೆಟ್ಟಿಲಿನಿಂದ ಕೋಲು ಊರಿ ಕಾಲು ಇಳಿಸಿದಳು. ಮೂವತ್ತೊಂದು ವರ್ಷ ಆ ಕಲ್ಲು ಎಲ್ಲಿ ಸಿಗುತ್ತದೆಂದು ಆಕೆಯ ಕಾಲಿಗೆ ಗೊತ್ತಿತ್ತು. ಸಿಗಬೇಕಾದಲ್ಲಿ ಸಿಗಲಿಲ್ಲ. ಒಂದು ಬೆರಳಿನಷ್ಟು ಬರೀ ಗಾಳಿ. ಮೈ ಮುಂದಕ್ಕೆ ವಾಲಿತು, ಮೈದುನ ತೋಳು ಹಿಡಿದ.

"ನಿಧಾನ ಅತ್ತಿಗೆ. ಈಗ ಸರಿಯಾಗಿದೆ ಅದು."

"ಹೌದು," ಎಂದಳು ಕೋಲಜ್ಜಿ. ಸ್ವಲ್ಪ ಹೊತ್ತು ಅಲ್ಲೇ, ಅದರ ಮೇಲೆ ನಿಂತಿದ್ದು, ಆಮೇಲೆ ಮುಂದಿನ ಮೆಟ್ಟಿಲಿಗೆ ಕೋಲು ಊರಿದಳು.